ಎಣಿಕೆಯ ಮಣಿ, ನೆನಪಿನ ಮಣಿ

ಎಲ್ಲರಿಗೂ ನಮಸ್ಕಾರ.

ಜಪಾನಿನ ಬೌದ್ಧರಲ್ಲಿ ಜಪಮಾಲೆಗೆ ಎರಡು ಹೆಸರುಗಳಿವೆ. ಒಂದು ಜುಝು, ಅಂದರೆ ಎಣಿಕೆಯ ಮಣಿ. ಇನ್ನೊಂದು ನೆಂಜು, ಅಂದರೆ ನೆನಪಿನ ಮಣಿ. ಇಲ್ಲಿ ನೆನಪು ಎಂದರೆ ಪಾಲಿಯಲ್ಲಿ ‘ಸತಿ’, ಸಂಸ್ಕೃತದಲ್ಲಿ ‘ಸ್ಮೃತಿ’ ಎನ್ನುವ ಎಚ್ಚರ: ಈಗ ಏನು ಮಾಡುತ್ತಿದ್ದೇನೆ ಎಂಬುದನ್ನು ಮರೆಯದೆ ಇರುವುದು. ಮಾಲೆ ಹಿಡಿದು ಕೂತವರಲ್ಲಿ ಬಹಳ ಜನ ಮೊದಲ ಹೆಸರಿನಲ್ಲೇ ನಿಂತುಬಿಡುತ್ತಾರೆ. ಇವತ್ತು ಎಷ್ಟು ಸರ ಆಯಿತು, ನಿನ್ನೆಗಿಂತ ಹೆಚ್ಚೇ ಕಡಿಮೆಯೇ ಎಂಬ ಲೆಕ್ಕ ಶುರುವಾಗುತ್ತದೆ. ಕೈಯಲ್ಲಿ ಮಣಿ, ಬಾಯಲ್ಲಿ ಮಂತ್ರ, ಮನಸ್ಸು ಮಾತ್ರ ಪರರ ಮನೆಯಲ್ಲಿ ಎಂಬ ದೂರು ನಮ್ಮ ದಾಸಸಾಹಿತ್ಯದಲ್ಲೂ ಇದೆ. ಹಾಗಂತ ಎಣಿಕೆಯನ್ನು ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಎಣಿಕೆಯನ್ನು ಎಚ್ಚರದ ಕೆಲಸಕ್ಕೆ ಹಚ್ಚುವುದು ಹೇಗೆ, ಅದನ್ನು ದಿನಕ್ಕೆ ಕಾಲು ಗಂಟೆಯೊಳಗೆ ವರ್ಷಗಟ್ಟಲೆ ನಡೆಯುವ ಅಭ್ಯಾಸವಾಗಿ ಕಟ್ಟುವುದು ಹೇಗೆ, ಇಷ್ಟೇ ಇವತ್ತಿನ ವಿಷಯ.

ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. ಪಾಲಿ ತ್ರಿಪಿಟಕದಲ್ಲಿ ಬುದ್ಧ ಜಪಮಾಲೆಯನ್ನು ಎಲ್ಲೂ ಬೋಧಿಸಿಲ್ಲ. ಬೆಂಗಳೂರಿನ ಗಾಂಧಿನಗರದಲ್ಲಿ ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಕಟ್ಟಿದ ಮಹಾಬೋಧಿ ಸೊಸೈಟಿ, ಪಾಲಿ ಗ್ರಂಥಗಳನ್ನು ಅನುಸರಿಸುವ ಥೇರವಾದ ಪರಂಪರೆಯದು. ಆ ಪರಂಪರೆಯ ಧ್ಯಾನಕ್ಕೆ ಮಾಲೆ ಬೇಕಿಲ್ಲ. ಅದೇ ವರ್ಷ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಅವರು ಬೌದ್ಧ ಧಮ್ಮ ಸ್ವೀಕರಿಸಿದಾಗ ಜನರಿಗೆ ಕೊಟ್ಟದ್ದು ತ್ರಿಶರಣ, ಪಂಚಶೀಲ ಮತ್ತು 22 ಪ್ರತಿಜ್ಞೆಗಳನ್ನು, ಮಾಲೆಯನ್ನಲ್ಲ. ಕಲಬುರಗಿ, ಬೀದರ್ ಕಡೆಯ ಬೌದ್ಧ ಮನೆಗಳಲ್ಲಿ ‘ಇದೆಲ್ಲ ಮತ್ತೆ ಕರ್ಮಠತನಕ್ಕೆ ದಾರಿಯಲ್ಲವೆ?’ ಎಂದು ಕೇಳುವವರು ಇದ್ದಾರೆ, ಆ ಪ್ರಶ್ನೆ ನ್ಯಾಯವಾದದ್ದು. ಮಾಲೆಗೆ ಶಕ್ತಿಯಿದೆ, ಅದು ಗ್ರಹಚಾರ ಕಳೆಯುತ್ತದೆ ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ. ಮಾಲೆ ಒಂದು ಉಪಕರಣ. ಅದಿಲ್ಲದೆ ಕೂರಬಲ್ಲವರು ಹಾಗೆಯೇ ಕೂರಬಹುದು.

ಹಾಗಾದರೆ ಇದು ಬಂದದ್ದು ಎಲ್ಲಿಂದ? ಚೀನೀ ಭಾಷೆಯಲ್ಲಿ ಮಾತ್ರ ಉಳಿದಿರುವ ಒಂದು ಪುಟ್ಟ ಸೂತ್ರವಿದೆ. ಸಣ್ಣ ರಾಜ್ಯದ ರಾಜನೊಬ್ಬ ಬುದ್ಧನಿಗೆ ಹೇಳಿ ಕಳುಹಿಸುತ್ತಾನೆ: ನನ್ನ ನಾಡಿನಲ್ಲಿ ದರೋಡೆಕೋರರ ಕಾಟ, ಧಾನ್ಯ ದುಬಾರಿ, ರೋಗರುಜಿನ, ನನಗೆ ನೆಮ್ಮದಿಯಾಗಿ ಮಲಗಲೂ ಆಗುತ್ತಿಲ್ಲ. ಧರ್ಮ ಆಳವಾದದ್ದು, ವಿಸ್ತಾರವಾದದ್ದು. ನನ್ನಂಥವನು ಹಗಲೂ ರಾತ್ರಿ ಮಾಡಬಹುದಾದ ಸುಲಭದ್ದೇನಾದರೂ ಹೇಳಿಕೊಡಿ. ಬುದ್ಧ ಹೇಳಿದ್ದು ಇಷ್ಟು: 108 ಬೀಜ ಪೋಣಿಸಿ ಯಾವಾಗಲೂ ಜೊತೆಯಲ್ಲಿಟ್ಟುಕೊ. ನಡೆಯುವಾಗ, ಕೂತಾಗ, ಮಲಗಿದಾಗ ಮನಸ್ಸು ಚದುರಿಸದೆ ಬುದ್ಧ, ಧರ್ಮ, ಸಂಘ ಎಂದು ಸ್ಮರಿಸುತ್ತ ಒಂದೊಂದು ಬೀಜ ದಾಟಿಸು. ಕೆಲಸದ ಒತ್ತಡ, ನಿದ್ದೆಗೆಟ್ಟ ರಾತ್ರಿಗಳ ನಡುವೆ ಇರುವವನಿಗಾಗಿಯೇ ಹುಟ್ಟಿದ ವಿಧಾನ ಇದು. ಆಮೇಲೆ, ಏಳನೇ ಶತಮಾನದ ಚೀನಾದಲ್ಲಿ ದಾವ್‌ಚುವೊ ಎಂಬ ಗುರು (562–645) ಓದುಬರಹ ಬಾರದವರಿಗೂ ಬುದ್ಧನಾಮ ಸ್ಮರಣೆ ಹೇಳಿಕೊಟ್ಟು, ಕಾಳು ಎಣಿಸುತ್ತ ಜಪಿಸುವ ಕ್ರಮವನ್ನು ಹರಡಿದರು. ಬೀಜದ ಮಾಲೆಗಳನ್ನೂ ತಾವೇ ಪೋಣಿಸಿ ಹಂಚಿದರು.

ಆ ಸೂತ್ರ ಹೇಳುವ ಬೀಜ ಯಾವುದು ಗೊತ್ತೆ? ನಮ್ಮ ಅಂಟುವಾಳದ ಹತ್ತಿರದ ಸಂಬಂಧಿ. ತಲೆಗೂದಲಿಗೆ, ರೇಷ್ಮೆ ಸೀರೆಗೆ, ಒಡವೆ ತೊಳೆಯಲು ನೊರೆ ತೆಗೆಯುತ್ತೇವಲ್ಲ, ಅದೇ ಜಾತಿಯ ಮರದ ಕಪ್ಪು ಬೀಜ. ತಿಪ್ಪೆಗೆ ಎಸೆಯುವ ಬೀಜದಿಂದಲೇ ಬೌದ್ಧ ಜಪಮಾಲೆ ಶುರುವಾಯಿತು ಎನ್ನುವುದು ನನಗೆ ತುಂಬ ಮೆಚ್ಚಿನ ಸಂಗತಿ. ಮಾಲೆ ಕೊಳ್ಳಲು ದುಡ್ಡು ಸುರಿಯುವ ಮೊದಲು ಇದನ್ನು ನೆನೆಸಿಕೊಳ್ಳಿ.

108 ಏಕೆ ಎಂಬುದಕ್ಕೆ ನೂರೆಂಟು ವಿವರಣೆಗಳು ಓಡಾಡುತ್ತವೆ. ಬೌದ್ಧ ಗ್ರಂಥದೊಳಗಿನ ಗಟ್ಟಿ ಲೆಕ್ಕವೊಂದು ಪಾಲಿ ತ್ರಿಪಿಟಕದ ಸಂಯುತ್ತ ನಿಕಾಯ ಎಂಬ ಸಂಗ್ರಹದ ಅಟ್ಠಸತ ಸುತ್ತದಲ್ಲಿದೆ. ಕಣ್ಣು, ಕಿವಿ, ಮೂಗು, ನಾಲಗೆ, ಮೈ, ಮನಸ್ಸು ಎಂಬ ಆರು ಬಾಗಿಲುಗಳು. ಪ್ರತಿ ಬಾಗಿಲಲ್ಲೂ ಹಿತ, ಅಹಿತ, ಎರಡೂ ಅಲ್ಲದ್ದು ಎಂದು ಮೂರು: 18. ಇವು ಮನೆವಾರ್ತೆಗೆ ಅಂಟಿಕೊಂಡಿರಬಹುದು ಅಥವಾ ಅದನ್ನು ಬಿಡುವುದರಿಂದ ಹುಟ್ಟಿರಬಹುದು: 36. ಹಿಂದಿನದು, ಮುಂದಿನದು, ಈಗಿನದು ಎಂದು ಮೂರು ಕಾಲ: 108. ಅಂದರೆ ಮನುಷ್ಯನಿಗೆ ಆಗಬಹುದಾದ ಅನುಭವಗಳ ಪೂರ್ತಿ ಪಟ್ಟಿ. ಸುತ್ತದಲ್ಲಿ ಮಾಲೆಯ ಪ್ರಸ್ತಾಪವಿಲ್ಲ, ಆದರೆ ಒಂದು ಸುತ್ತು ಮುಗಿಸುವಾಗ ಈ ಲೆಕ್ಕ ಮನಸ್ಸಿನಲ್ಲಿದ್ದರೆ ಮಣಿಗೊಂದು ಅರ್ಥ ಬರುತ್ತದೆ.

ಈಗ ಮಾಲೆಗೆ ಬರೋಣ. ಬೈಲಕುಪ್ಪೆ, ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಟಿಬೆಟನ್ ವಸತಿಗಳಲ್ಲಿ ಇದು ದಿನಬಳಕೆಯ ವಸ್ತು. ಬೈಲಕುಪ್ಪೆಯಲ್ಲಿ ನಾವು ಗೋಲ್ಡನ್ ಟೆಂಪಲ್ ಎನ್ನುವ, 1963ರಲ್ಲಿ ಪೆನೋರ್ ರಿಂಪೋಚೆ ಸ್ಥಾಪಿಸಿದ ನಾಮ್ಡ್ರೋಲಿಂಗ್ ವಿಹಾರಕ್ಕೆ ಹೋದವರು ನೋಡಿರುತ್ತೀರಿ: ವಯಸ್ಸಾದವರು ಎಡಗೈಯಲ್ಲಿ ಮಾಲೆ ಹಿಡಿದು, ತುಟಿ ಅಲ್ಲಾಡಿಸುತ್ತ ಪ್ರದಕ್ಷಿಣೆ ಹಾಕುತ್ತಿರುತ್ತಾರೆ. ಟಿಬೆಟನ್ನಿನಲ್ಲಿ ಮಾಲೆಗೆ ತ್ರೇಂಗ್ವಾ ಎನ್ನುತ್ತಾರೆ. ಸಾಮಾನ್ಯ ತ್ರೇಂಗ್ವಾದಲ್ಲಿ 108 ಮಣಿ, ಜೊತೆಗೆ ಗುರುಮಣಿ. ನಾವು ಮೇರುಮಣಿ ಎನ್ನುತ್ತೇವೆ. ಹಲವು ಮಾಲೆಗಳಲ್ಲಿ 27, 54, 81ನೆಯ ಮಣಿಗಳ ಬಳಿ ಬೇರೆ ಬಣ್ಣದ ಅಥವಾ ಗಾತ್ರದ ಗುರುತುಮಣಿ ಇರುತ್ತದೆ. ಪಕ್ಕದಲ್ಲಿ ಹತ್ತು ಹತ್ತು ಪುಟ್ಟ ಬಳೆಗಳ ಎರಡು ಕುಚ್ಚುಗಳು ತೂಗುತ್ತವೆ. ಒಂದು ಸುತ್ತು ಮುಗಿದರೆ ಮೊದಲ ಕುಚ್ಚಿನ ಒಂದು ಬಳೆ ಮೇಲೆ. ಹತ್ತು ಸುತ್ತಾದರೆ ಎರಡನೆಯದರಲ್ಲಿ ಒಂದು. 108 ಹೇಳಿದರೂ ಲೆಕ್ಕಕ್ಕೆ ಹಿಡಿಯುವುದು ನೂರನ್ನೇ. ಉಳಿದ ಎಂಟು, ತಪ್ಪಿಹೋದವಕ್ಕೆ, ಅರೆಬರೆ ಆದವಕ್ಕೆ. ಲಕ್ಷ ಜಪದ ವ್ರತ ಹಿಡಿದವರಿಗೆ ಈ ಬಳೆಗಳು ಬೇಕು. ಹೊಸದಾಗಿ ಶುರುಮಾಡುವವರು ಮೊದಲ ವರ್ಷ ಇವುಗಳನ್ನು ಕಟ್ಟಿಸಿಕೊಳ್ಳಬೇಡಿ ಎಂಬುದು ನನ್ನ ಸಲಹೆ. ಎಣಿಸಲು ಸಾಧನವಿದ್ದರೆ ಎಣಿಕೆಯ ಆಸೆ ತಾನಾಗಿ ಬೆಳೆಯುತ್ತದೆ.

ಕೊಳ್ಳುವಾಗ ಗಮನಿಸಬೇಕಾದ್ದು ಹೀಗೆ. ಬೋಧಿ ಬೀಜ ಎಂದು ಮಾರುವುದು ಅರಳಿಮರದ ಬೀಜವಲ್ಲ; ಅರಳಿಯ ಬೀಜ ಸಾಸಿವೆಗಿಂತ ಸಣ್ಣದು, ಅದಕ್ಕೆ ತೂತು ಕೊರೆಯುವುದು ಯಾರಿಂದಲೂ ಆಗದು. ನೇಪಾಳದ ಬೆಲೆಬಾಳುವ ಬೋಧಿಚಿತ್ತ ಮಾಲೆ ಬೋರೆಹಣ್ಣಿನ ಜಾತಿಗೆ ಸೇರಿದ ಮರದ್ದು. ಚುಕ್ಕಿಗಳ ನಡುವೆ ಚಂದ್ರನಂಥ ಗುಂಡಿಯಿರುವ ಬಿಳಿ ಮಣಿ ಬೆತ್ತದ ಬೀಜ. ಯಾವುದೂ ಕಡಿಮೆಯಲ್ಲ, ಆದರೆ ಹೆಸರಿಗೆ ಮರುಳಾಗಿ ಹೆಚ್ಚು ಬೆಲೆ ಕೊಡಬೇಡಿ. ಶ್ರೀಗಂಧದ ಮಾಲೆ ಡಬ್ಬಿ ತೆರೆದೊಡನೆ ಘಮ್ಮೆಂದು, ವಾರ ಕಳೆಯುವುದರೊಳಗೆ ವಾಸನೆ ಇಲ್ಲವಾದರೆ ಅದು ಮೇಲೆ ಹಚ್ಚಿದ ಅತ್ತರು. ಐದು ಮುಖದ ರುದ್ರಾಕ್ಷಿ ಬಳಸಬಾರದೆಂದೇನೂ ಇಲ್ಲ, ಟಿಬೆಟನ್ನರೂ ಬಳಸುತ್ತಾರೆ. ಆದರೆ ಅದರ ತೂತಿನ ಅಂಚು ಒರಟು, ದಾರ ಬೇಗ ಸವೆಯುತ್ತದೆ. ದಿನಬಳಕೆಗೆ 8 ಮಿಲಿಮೀಟರಿನ ನುಣುಪಾದ ಮರದ ಮಣಿ ಅನುಕೂಲ. 6 ಮಿಲಿಮೀಟರಿನದು ದಪ್ಪ ಬೆರಳಿನವರಿಗೆ ಎರಡೆರಡು ಜಾರುತ್ತದೆ. 10ಕ್ಕೆ ಹೋದರೆ ಸರ ಒಂದು ಮೀಟರ್ ದಾಟಿ ತೊಡೆಯಿಂದ ಕೆಳಗೆ ಎಳೆಯುತ್ತದೆ.

ತಾವೇ ಪೋಣಿಸಿಕೊಳ್ಳುವವರು ಕೇಳಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 8 ಮಿಲಿಮೀಟರಿನ 108 ಮಣಿ ಸಾಲಾಗಿ ಇಟ್ಟರೆ 86 ಸೆಂಟಿಮೀಟರು. ದಾರವನ್ನು ಜೋಡಿಸಿ ಪೋಣಿಸಬೇಕು, ಗಂಟಿಗೂ ಕುಚ್ಚಿಗೂ ಉಳಿಯಬೇಕು. ಹಾಗಾಗಿ ಎರಡೂವರೆ ಮೀಟರ್ ದಾರ ತೆಗೆದುಕೊಂಡು ಅರ್ಧಕ್ಕೆ ಮಡಿಸಿ. ಹೆಣೆದ ನೈಲಾನ್ ದಾರ ಒಳ್ಳೆಯದು, ಹತ್ತಿಯದು ಬೆವರಿಗೆ ಬೇಗ ಲಡ್ಡಾಗುತ್ತದೆ. ಇಲಾಸ್ಟಿಕ್ ಬೇಡವೇ ಬೇಡ: ಎಳೆದಾಗ ಹಿಗ್ಗಿ ಮಣಿ ಚಿಮ್ಮುತ್ತದೆ, ಹೆಬ್ಬೆರಳಿಗೆ ಮಣಿಯ ತಡೆ ಸಿಗುವುದಿಲ್ಲ, ಕೆಲವು ತಿಂಗಳಲ್ಲಿ ಸತ್ತೂ ಹೋಗುತ್ತದೆ. ಪೋಣಿಸಿದ ಮೇಲೆ ಬಿಗಿಯಾಗಿ ಕಟ್ಟಿಬಿಡುವುದೇ ಎಲ್ಲರೂ ಮಾಡುವ ತಪ್ಪು. ಎರಡು ಮೂರು ಮಣಿಯಷ್ಟು, ಅಂದರೆ ಸುಮಾರು ಎರಡು ಸೆಂಟಿಮೀಟರು, ದಾರ ಖಾಲಿ ಬಿಡಿ. ಆ ಸಡಿಲದಲ್ಲೇ ಮಣಿ ಸರಿಯುವುದು, ಟಕ್ಕೆಂದು ಹಿಂದಿನದಕ್ಕೆ ತಾಗುವುದು. ಬೆರಳಿಗೆ ‘ಒಂದು ಆಯಿತು’ ಎಂದು ತಿಳಿಯುವುದು ಆ ತಾಗುವಿಕೆಯಿಂದ. ಮಡಿಸಿದ ತುದಿ, ಬಿಡಿ ತುದಿಗಳು ಎಲ್ಲವನ್ನೂ ಮೇರುಮಣಿಯಲ್ಲಿ ತೂರಿಸಿ, ಹೊರಗೆ ಎರಡು ಗಂಟು ಹಾಕಿ, ಕುಚ್ಚಿಗೆ ಬಿಟ್ಟು ಉಳಿದದ್ದನ್ನು ಕತ್ತರಿಸಿ ಬೆಂಕಿಕಡ್ಡಿಯಲ್ಲಿ ತುದಿ ಸುಡಿ. ಸುಡದಿದ್ದರೆ ನೈಲಾನ್ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಅಂಟುವಾಳದ ಸರ ಮಾಡುವವರು ಗ್ರಂಥಿಗೆ ಅಂಗಡಿಯಲ್ಲಿ ಬೀಜವಿರುವ ಕಾಯಿಯನ್ನೇ ಕೇಳಿ ತನ್ನಿ, ಬೀಜ ತೆಗೆದ ಸಿಪ್ಪೆಯೂ ಮಾರಾಟಕ್ಕಿರುತ್ತದೆ. ಸಿಪ್ಪೆ ನೆನೆಸಿ ಬಿಡಿಸುವಾಗ ನೊರೆ ಕಣ್ಣಿಗೆ ಹೋದರೆ ಚೆನ್ನಾಗಿ ಉರಿಯುತ್ತದೆ, ಕೈ ತೊಳೆಯದೆ ಕಣ್ಣು ಮುಟ್ಟಬೇಡಿ. ಬೀಜಗಳನ್ನು ನೀರಿಗೆ ಹಾಕಿ. ತೇಲುವವು ಸಾಮಾನ್ಯವಾಗಿ ಟೊಳ್ಳು ಅಥವಾ ಹುಳ ತಿಂದವು. ಉಳಿದವನ್ನು ನೆರಳಿನಲ್ಲಿ ಒಂದು ವಾರ ಒಣಗಿಸಿ. ಬೀಜ ಸಿಪ್ಪೆಗೆ ಅಂಟಿಕೊಂಡಿದ್ದ ಕಡೆ ಒಂದು ಕಲೆ ಇರುತ್ತದೆ, ಕೊರೆಯಲು ಅಲ್ಲಿಂದ ಶುರು ಮಾಡಿದರೆ ಬಿಟ್ ಜಾರುವುದಿಲ್ಲ. ಒಂದೂವರೆ ಮಿಲಿಮೀಟರಿನ ಬಿಟ್‌ನಿಂದ ಅರ್ಧದವರೆಗೆ ಕೊರೆದು, ತಿರುಗಿಸಿ ಎದುರಿನಿಂದ ಕೊರೆಯಿರಿ. ಒಂದೇ ಕಡೆಯಿಂದ ಕೊರೆದರೆ ಹೊರಬರುವಲ್ಲಿ ಚಿಪ್ಪು ಒಡೆಯುತ್ತದೆ. ಬೀಜವನ್ನು ಬೆರಳಲ್ಲಿ ಹಿಡಿದು ಕೊರೆಯಬೇಡಿ, ಹಿಡಿಕೆಗೆ ಸಿಕ್ಕಿಸಿ. ಈ ಬೀಜ ದಪ್ಪ. 12 ಮಿಲಿಮೀಟರಿನ 108 ಪೋಣಿಸಿದರೆ ಸರ 130 ಸೆಂಟಿಮೀಟರಿನಷ್ಟಾಗುತ್ತದೆ. 54ರ ಸರ ಮಾಡಿ ಎರಡು ಸುತ್ತು ತಿರುಗಿಸುವುದು ಮೇಲು.

ಹಿಡಿಯುವ ರೀತಿಯಲ್ಲಿ ನಮ್ಮ ಮನೆಗಳಲ್ಲಿ ಕಲಿತದ್ದಕ್ಕೂ ಟಿಬೆಟನ್ ರೂಢಿಗೂ ವ್ಯತ್ಯಾಸವಿದೆ. ಇಲ್ಲಿ ಬಲಗೈ, ಮಧ್ಯದ ಬೆರಳು, ತೋರುಬೆರಳು ತಾಗಬಾರದು. ಅಲ್ಲಿ ಸಾಮಾನ್ಯವಾಗಿ ಎಡಗೈ. ಸರ ತೋರುಬೆರಳ ಮೇಲೆ ಕೂರುತ್ತದೆ, ಹೆಬ್ಬೆರಳು ಒಂದೊಂದೇ ಮಣಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಮೇರುಮಣಿ ದಾಟದೆ ಸರವನ್ನು ತಿರುಗಿಸಿ ವಾಪಸು ಬರುವುದು ಎರಡೂ ಕಡೆ ಒಂದೇ. ನಿಮಗೆ ಯಾವ ಕೈ ರೂಢಿಯೋ ಅದನ್ನೇ ಇಟ್ಟುಕೊಳ್ಳಿ. ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದರೆ ಐದು ನಿಮಿಷಕ್ಕೆ ಭುಜ ನೋಯುತ್ತದೆ. ತೊಡೆಯ ಮೇಲೆ ಇಳಿಸಿ.

ಇನ್ನು ಅಭ್ಯಾಸದ ಕ್ರಮ. ಒಂದು ಸರ, ಬೆಳಗ್ಗೆ, ಹದಿಮೂರು ನಿಮಿಷದ ಆಸುಪಾಸು. ಸರದ ನಾಲ್ಕು ಕಾಲುಗಳನ್ನು ಮೂರು ಕೆಲಸಕ್ಕೆ ಹಂಚಿಕೊಳ್ಳುತ್ತೇವೆ: ಮೊದಲ 27 ಶರಣಕ್ಕೆ, ನಡುವಿನ 54 ಉಸಿರಿಗೆ, ಕೊನೆಯ 27 ಮೈತ್ರಿಗೆ. ಗುರುತುಮಣಿ ಕೆಲವು ಮಾಲೆಗಳಲ್ಲಿ 108ರ ಒಳಗೆ ಸೇರಿರುತ್ತದೆ, ಕೆಲವುಗಳಲ್ಲಿ ಹೆಚ್ಚುವರಿ. ನಿಮ್ಮದನ್ನು ಒಮ್ಮೆ ಎಣಿಸಿ ನೋಡಿ. ಹೆಚ್ಚುವರಿಯಾದರೆ ಅದನ್ನು ಜಪಕ್ಕೆ ಲೆಕ್ಕಿಸದೆ ದಾಟಿ. ಗುರುತೇ ಇಲ್ಲದಿದ್ದರೆ 27, 54, 81ರ ಆಚೆಗೆ ಕೆಂಪು ನೂಲು ಸುತ್ತಿ ಗಂಟು ಹಾಕಿ.

ಶರಣದ ಭಾಗದಲ್ಲಿ ಒಂದು ಮಣಿಗೆ ಮೂರು ಸಾಲೂ ಹೇಳಬೇಕು: ಬುದ್ಧಂ ಸರಣಂ ಗಚ್ಛಾಮಿ, ಧಮ್ಮಂ ಸರಣಂ ಗಚ್ಛಾಮಿ, ಸಂಘಂ ಸರಣಂ ಗಚ್ಛಾಮಿ. ನಿಧಾನವಾಗಿ ಹೇಳಿದರೆ ಒಂಬತ್ತು ಸೆಕೆಂಡು, 27ಕ್ಕೆ ನಾಲ್ಕು ನಿಮಿಷ. ನಿಮಗಷ್ಟೇ ಕೇಳುವಷ್ಟು ದನಿ ಇರಲಿ. ಮನೆಯಲ್ಲಿ ಬೇರೆಯವರು ಮಲಗಿದ್ದರೆ ತುಟಿಯಾದರೂ ಅಲ್ಲಾಡಲಿ. ಪೂರ್ತಿ ಮನಸ್ಸಿನಲ್ಲೇ ಹೇಳಿಕೊಳ್ಳುವುದು ಹೊಸಬರಿಗೆ ಹತ್ತನೇ ಮಣಿಯೊಳಗೆ ಕೈಕೊಡುತ್ತದೆ.

ಉಸಿರಿನ ಭಾಗ ಈ ಕ್ರಮದ ಹೃದಯ. ಐದನೇ ಶತಮಾನದ ಥೇರವಾದ ಆಚಾರ್ಯ ಬುದ್ಧಘೋಷ ವಿಸುದ್ಧಿಮಗ್ಗ ಎಂಬ ತನ್ನ ಗ್ರಂಥದಲ್ಲಿ ಉಸಿರೆಣಿಸುವ ಕ್ರಮ ಹೇಳುವಾಗ ಒಂದು ಕಟ್ಟುಪಾಡು ಹಾಕುತ್ತಾನೆ: ಐದಕ್ಕಿಂತ ಮೊದಲು ನಿಲ್ಲಿಸಬೇಡ, ಹತ್ತನ್ನು ದಾಟಬೇಡ. ಐದಕ್ಕಿಂತ ಮೊದಲು ನಿಲ್ಲಿಸಿದರೆ ಇಕ್ಕಟ್ಟಿನ ದೊಡ್ಡಿಯಲ್ಲಿ ತುಂಬಿದ ದನಗಳ ಹಾಗೆ ಮನಸ್ಸು ಚಡಪಡಿಸುತ್ತದೆ. ಹತ್ತು ದಾಟಿದರೆ ಮನಸ್ಸು ಉಸಿರನ್ನು ಬಿಟ್ಟು ಸಂಖ್ಯೆಯನ್ನೇ ಹಿಡಿದುಕೊಳ್ಳುತ್ತದೆ. ಮೊದಮೊದಲು ಧಾನ್ಯ ಅಳೆಯುವವನ ಹಾಗೆ ನಿಧಾನವಾಗಿ ಎಣಿಸು ಎನ್ನುತ್ತಾನೆ. ಅಳೆಯುವವನು ಒಂದು ಅಳತೆ ತುಂಬಿ ‘ಒಂದು’ ಎಂದು ಸುರಿಯುತ್ತಾನೆ. ಮತ್ತೆ ತುಂಬುವಾಗ ಕಸಕಡ್ಡಿ ಕಂಡರೆ ಅದನ್ನು ಆರಿಸಿ ಎಸೆಯುತ್ತ ‘ಒಂದು, ಒಂದು’ ಎನ್ನುತ್ತಲೇ ಇರುತ್ತಾನೆ. ನಮ್ಮ ಕಣದಲ್ಲಿ ಸೇರು ಹಿಡಿದವರು ‘ಲಾಭ, ಲಾಭ’ ಎಂದು ರಾಗವಾಗಿ ಹೇಳಿಕೊಂಡು, ಎರಡನೆಯದಕ್ಕೆ ಕೈ ಹಾಕುವವರೆಗೂ ಆ ಮಾತನ್ನು ಬಾಯಲ್ಲಿ ಹಿಡಿದಿಡುವುದನ್ನು ಕೇಳಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಅಳತೆ ತಪ್ಪದಿರಲಿ ಎಂದು ಬಾಯಿ ಸಂಖ್ಯೆಯನ್ನು ಕಾಯುತ್ತದೆ, ಕಣ್ಣು ಮಾತ್ರ ಕಾಳಿನ ಮೇಲೆಯೇ ಇರುತ್ತದೆ. ಉಸಿರಿನ ಮೇಲೆ ಗಮನ ಹಾಗಿರಬೇಕು.

ನಾವು ಒಂಬತ್ತರ ಎಣಿಕೆ ಇಟ್ಟುಕೊಳ್ಳೋಣ. ಉಸಿರು ಹೊರಗೆ ಹೋಗಿ ಮುಗಿಯುವಾಗ ಮನಸ್ಸಿನಲ್ಲಿ ‘ಒಂದು’, ಬೆರಳಲ್ಲಿ ಒಂದು ಮಣಿ. ಮುಂದಿನ ಉಸಿರಿಗೆ ‘ಎರಡು’. ಒಂಬತ್ತಾದ ಮೇಲೆ ಮತ್ತೆ ಒಂದು. 54 ಎಂದರೆ ಆರು ಒಂಬತ್ತು. 28ನೆಯ ಮಣಿಯಿಂದ ಶುರುವಾದ ಎಣಿಕೆ 54ನೆಯ ಮಣಿಯ ಗುರುತಿಗೆ ಬಂದಾಗ ಮನಸ್ಸಿನಲ್ಲಿ ಒಂಬತ್ತೇ ಇರಬೇಕು. 81ಕ್ಕೆ ಬಂದಾಗಲೂ ಒಂಬತ್ತೇ. ಇಲ್ಲಿ ಎಣಿಕೆಯ ಮಣಿ ನೆನಪಿನ ಮಣಿಗೆ ಕಾವಲು ನಿಲ್ಲುತ್ತದೆ. ಗುರುತು ಬೆರಳಿಗೆ ಸಿಕ್ಕಾಗ ಮನಸ್ಸಿನಲ್ಲಿ ಆರು ಅಥವಾ ಏಳು ಇದ್ದರೆ ಒಂದೋ ಎರಡೆರಡು ಮಣಿ ಜಾರಿವೆ, ಇಲ್ಲ ನಡುವೆ ಬೆರಳು ತಾನೇ ಓಡಿದೆ. ಹನ್ನೆರಡು, ಹದಿಮೂರು ಎಂದು ಎಣಿಕೆ ಸಾಗಿದ್ದರೆ ಬಾಯಿ ಮಾತ್ರ ಕೆಲಸ ಮಾಡುತ್ತಿತ್ತು, ನೀವು ಅಲ್ಲಿರಲಿಲ್ಲ. ಮಾಲೆಯಿಲ್ಲದೆ ಕೂತವರಿಗೆ ಮನಸ್ಸು ಎಷ್ಟು ಹೊತ್ತು ಹೊರಗಿತ್ತು ಎಂಬುದು ಗೊತ್ತೇ ಆಗದೆ ಹೋಗಬಹುದು. ಇಲ್ಲಿ 27 ಉಸಿರಿಗೊಮ್ಮೆ ಖಾತೆ ತಾಳೆಯಾಗುತ್ತದೆ.

ತಾಳೆಯಾಗದಿದ್ದರೆ ಏನು ಮಾಡಬೇಕು? ಸರವನ್ನು ಮೊದಲಿನಿಂದ ಶುರು ಮಾಡಬೇಡಿ. ಬಹಳ ಮನೆಗಳಲ್ಲಿ ಅಭ್ಯಾಸ ಸಾಯುವುದು ಇಲ್ಲೇ. ತಪ್ಪಿತೆಂದು ಮೊದಲಿಗೆ ಹೋದರೆ ಹದಿಮೂರು ನಿಮಿಷದ್ದು ಮುಕ್ಕಾಲು ಗಂಟೆಯಾಗುತ್ತದೆ, ಬಸ್ಸು ತಪ್ಪುತ್ತದೆ, ನಾಳೆ ಕೂರಲು ಭಯವಾಗುತ್ತದೆ, ನಾಡಿದ್ದು ಕೂರುವುದೇ ಇಲ್ಲ. ಮನಸ್ಸು ಜಾರಿದ್ದು ತಿಳಿದ ಕ್ಷಣ ಬೆರಳು ಯಾವ ಮಣಿಯ ಮೇಲಿದೆಯೋ ಅದೇ ಮಣಿಯನ್ನು ಹಿಡಿದುಕೊಂಡು ಒಂದು ಪೂರ್ತಿ ಉಸಿರು ಬಿಡಿ, ‘ಒಂದು’ ಎಂದು ಅಲ್ಲಿಂದ ಎಣಿಸಿ. ಶರಣದ ಭಾಗದಲ್ಲಾದರೆ ಅದೇ ಮಣಿಯ ಮೇಲೆ ಮೂರು ಸಾಲನ್ನು ಮತ್ತೊಮ್ಮೆ ಹೇಳಿ ಮುಂದಕ್ಕೆ ಹೋಗಿ. ಅಷ್ಟೇ. ಆ ಸುತ್ತಿನ ಗುರುತಿನ ತಾಳೆ ಕೆಡುತ್ತದೆ, ಕೆಡಲಿ. ತಿಳಿದ ಆ ಕ್ಷಣ ಎಚ್ಚರದ ಕ್ಷಣ, ಅದಕ್ಕಾಗಿಯೇ ಕೂತದ್ದು.

ಇನ್ನೊಂದು ತೊಂದರೆ: ಮಣಿಗೆ ಸರಿಯಾಗಿ ಉಸಿರನ್ನು ಎಳೆಯುವುದು. ಬೆರಳು ಬೇಗ ಓಡಿದರೆ ಉಸಿರೂ ಬೇಗವಾಗಿ ತಲೆ ಹಗುರಾಗುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ. ಕೆಲವರು ಅದನ್ನೇ ಅನುಭವ ಎಂದು ಹಿಗ್ಗುತ್ತಾರೆ. ಅದು ಅತಿ ಉಸಿರಾಟದ ಫಲ, ಬೇರೇನೂ ಅಲ್ಲ. ಉಸಿರು ತನ್ನಷ್ಟಕ್ಕೆ ಬರಲಿ, ಮಣಿ ಅದರ ಹಿಂದೆ ಹೋಗಲಿ. ನಿಮಿಷಕ್ಕೆ ಹನ್ನೆರಡರಿಂದ ಹದಿನೈದು ಉಸಿರೆಂದರೆ 54ಕ್ಕೆ ನಾಲ್ಕು ನಿಮಿಷದ ಸುತ್ತಮುತ್ತ. ಎರಡೇ ನಿಮಿಷದಲ್ಲಿ ಮುಗಿಯುತ್ತಿದ್ದರೆ ಬೆರಳು ಮುಂದಾಗಿದೆ ಎಂದು ತಿಳಿಯಿರಿ.

ಕೊನೆಯ 27ರಲ್ಲಿ ಮೈತ್ರಿ. ಐದು ಜನ, ಒಬ್ಬೊಬ್ಬರಿಗೆ ಐದು ಮಣಿ. ಉಳಿದ ಎರಡು ಎಲ್ಲ ಜೀವಿಗಳಿಗೆ. ಮೊದಲು ನೀವು, ಆಮೇಲೆ ನಿಮಗೆ ದಾರಿ ತೋರಿಸಿದ ಗೌರವಸ್ಥರು, ಆಮೇಲೆ ಹತ್ತಿರದ ಸ್ನೇಹಿತರು, ಆಮೇಲೆ ಒಲವೂ ಇಲ್ಲದ ಮುನಿಸೂ ಇಲ್ಲದ ಒಬ್ಬರು, ದಿನಾ ನೋಡುವ ಬಸ್ ಕಂಡಕ್ಟರೋ ಹಾಲು ಹಾಕುವವರೋ; ಕೊನೆಗೆ ನಿಮಗೆ ಆಗದವರು. ಮಾತು ಹೀಗಿರಲಿ: ‘ವೈರವಿಲ್ಲದೆ ಇರಲಿ, ಮನಸ್ಸಿಗೆ ನೋವಿಲ್ಲದೆ ಇರಲಿ, ಮೈಗೆ ನೋವಿಲ್ಲದೆ ಇರಲಿ, ನೆಮ್ಮದಿಯಿಂದ ಬಾಳಲಿ.’ ಪಾಲಿಯ ಅವೇರ, ಅಬ್ಯಾಪಜ್ಜ, ಅನೀಘ, ಸುಖಿ ಎಂಬ ನಾಲ್ಕು ಪದಗಳ ಕನ್ನಡ ಇದು. ಕೊನೆಯ ಎರಡು ಮಣಿಗೆ ‘ಸಬ್ಬೇ ಸತ್ತಾ ಸುಖಿತಾ ಹೋಂತು’. ಶುರುವಿನಲ್ಲೇ ಆಗದವರನ್ನು ತಂದು ಕೂರಿಸಿಕೊಳ್ಳಬೇಡಿ, ಮನಸ್ಸು ದಣಿಯುತ್ತದೆ ಎಂದು ವಿಸುದ್ಧಿಮಗ್ಗವೇ ಎಚ್ಚರಿಸುತ್ತದೆ. ತೀರಿಕೊಂಡವರನ್ನು ಈ ಧ್ಯಾನಕ್ಕೆ ಆರಿಸಬಾರದು ಎಂದೂ ಹೇಳುತ್ತದೆ: ಅವರನ್ನು ಹಿಡಿದರೆ ಧ್ಯಾನ ನೆಲೆಗೊಳ್ಳುವುದಿಲ್ಲ. ಐದನೆಯ ವ್ಯಕ್ತಿಯ ಬಳಿ ಸಿಟ್ಟು ಏರಿದರೆ ಆ ಐದು ಮಣಿಗಳನ್ನು ಆ ದಿನ ಸ್ನೇಹಿತರಿಗೇ ಕೊಟ್ಟು ಮುಗಿಸಿ. ಅದು ಸೋಲಲ್ಲ, ಗ್ರಂಥವೂ ಹಾಗೆ ಹಿಂದಕ್ಕೆ ಹೋಗಿ ಮೈತ್ರಿಯನ್ನು ಮೆದುಮಾಡಿಕೊಂಡು ಬಾ ಎನ್ನುತ್ತದೆ.

ಸಂಜೆಗೆ ಸರ ಬೇಡ, ಐದೇ ಮಣಿ ಸಾಕು. ಮಲಗುವ ಮೊದಲು ಒಂದೊಂದು ಮಣಿಗೆ ಒಂದೊಂದು ಶೀಲ ಹಿಡಿದು ದಿನವನ್ನು ನೋಡಿ: ಯಾವ ಜೀವಕ್ಕೆ ನೋವು ಕೊಟ್ಟೆ, ಕೊಡದ್ದನ್ನು ತೆಗೆದುಕೊಂಡೆನೆ, ಕಾಮದಲ್ಲಿ ಅಪಚಾರವಾಯಿತೆ, ಸುಳ್ಳಾಡಿದೆನೆ, ಮತ್ತು ಬರಿಸುವುದನ್ನು ಮುಟ್ಟಿದೆನೆ. ಎರಡನೆಯದರಲ್ಲಿ ಕಚೇರಿಯ ಹೊತ್ತನ್ನು ಕದ್ದದ್ದೂ ಸೇರುತ್ತದೆ. ಎರಡು ನಿಮಿಷದ ಕೆಲಸ. ಬೆಳಗಿನ ಸರಕ್ಕೆ ಬೇರು ಇರುವುದು ಇಲ್ಲಿ. ಶೀಲವಿಲ್ಲದ ಜಪ ತಳವಿಲ್ಲದ ಬಿಂದಿಗೆ.

ತೂಕಡಿಕೆಯ ಬಗ್ಗೆ ಹೇಳಲೇಬೇಕು, ಬೆಳಗಿನ ಜಾವ ಕೂರುವವರನ್ನೆಲ್ಲ ಅದು ಕಾಡುತ್ತದೆ. ಮೊಗ್ಗಲ್ಲಾನನಂಥ ಹಿರಿಯ ಶಿಷ್ಯನೂ ತೂಕಡಿಸುತ್ತಿದ್ದಾಗ ಬುದ್ಧ ಕೊಟ್ಟ ಸಲಹೆಗಳು ಅಂಗುತ್ತರ ನಿಕಾಯದಲ್ಲಿ ಸಾಲಾಗಿ ಇವೆ. ಯಾವ ವಿಷಯ ಹಿಡಿದಾಗ ತೂಕಡಿಕೆ ಬಂತೋ ಅದನ್ನು ಬಿಡು, ಕೇಳಿದ ಧರ್ಮವನ್ನು ಮೆಲುಕು ಹಾಕು, ಗಟ್ಟಿಯಾಗಿ ಪಠಿಸು, ಕಿವಿ ಎಳೆದುಕೊ, ಕೈಕಾಲು ಉಜ್ಜಿಕೊ, ಎದ್ದು ಕಣ್ಣಿಗೆ ನೀರು ಹಾಕಿ ದಿಕ್ಕುಗಳನ್ನೂ ನಕ್ಷತ್ರಗಳನ್ನೂ ನೋಡು, ಬೆಳಕನ್ನು ಭಾವಿಸು, ಅತ್ತಿಂದಿತ್ತ ನಡೆದಾಡು, ಏನೂ ಆಗದಿದ್ದರೆ ಬಲಮಗ್ಗುಲಾಗಿ ಮಲಗು, ಎಚ್ಚರವಾದ ಕೂಡಲೇ ಮೇಲೇಳು. ಮಾಲೆಯವರಿಗೆ ಇವುಗಳಲ್ಲಿ ಗಟ್ಟಿ ದನಿ ಮತ್ತು ನಡಿಗೆ ಹೆಚ್ಚು ಒದಗುತ್ತವೆ. ಅಂಗಳದಲ್ಲಿ ಇಪ್ಪತ್ತು ಹೆಜ್ಜೆ ಆ ಕಡೆ, ಇಪ್ಪತ್ತು ಈ ಕಡೆ, ಉಸಿರಿನ ಬದಲು ಎಡಗಾಲು ನೆಲ ಮುಟ್ಟಿದಾಗ ಒಂದು ಮಣಿ.

ಈಗ ನೀವು ಚೀಟಿಯಲ್ಲಿ ಬರೆದು ಕಳಿಸಿದ ಪ್ರಶ್ನೆಗಳು.

‘ಓಂ ಮಣಿ ಪದ್ಮೇ ಹೂಂ ಜಪಿಸಬಹುದೆ, ದೀಕ್ಷೆ ಬೇಕೆ?’ ಕರುಣೆಯ ಬೋಧಿಸತ್ವ ಅವಲೋಕಿತೇಶ್ವರನ ಈ ಷಡಕ್ಷರಿಯನ್ನು ಯಾರು ಬೇಕಾದರೂ ಜಪಿಸಬಹುದು ಎಂಬುದು ಟಿಬೆಟನ್ ಗುರುಗಳ ಸಾಮಾನ್ಯ ಮಾತು. ಅವರ ಬಾಯಲ್ಲಿ ಅದು ‘ಓಂ ಮಣಿ ಪೇಮೆ ಹುಂ’ ಎಂದು ಕೇಳುತ್ತದೆ, ಎರಡೂ ಸರಿ. ಮಣಿಗೊಂದರಂತೆ ಒಂದು ಸರಕ್ಕೆ ನಾಲ್ಕು ನಿಮಿಷ; ಶರಣದ 27ರ ಜಾಗದಲ್ಲಿ ಇದನ್ನು ಇಟ್ಟುಕೊಳ್ಳಬಹುದು. ಆದರೆ ತಾಂತ್ರಿಕ ದೇವತೆಗಳ ಮಂತ್ರಗಳನ್ನು ಮೊಬೈಲಿನಲ್ಲಿ ನೋಡಿ ಎತ್ತಿಕೊಳ್ಳಬೇಡಿ. ಅವಕ್ಕೆ ವಾಂಗ್ ಎನ್ನುವ ಅಭಿಷೇಕ, ಲುಂಗ್ ಎನ್ನುವ ಪಾಠದ ಅನುಮತಿ ಗುರುಮುಖದಿಂದಲೇ ಆಗಬೇಕು.

‘ಥೇರವಾದದ ರೀತಿಯಲ್ಲೇ ಮಾಲೆ ಬಳಸುವವರಿಲ್ಲವೆ?’ ಬರ್ಮಾದಲ್ಲಿ ಇದ್ದಾರೆ. ಅಲ್ಲಿ ಬುದ್ಧನ ಒಂಬತ್ತು ಗುಣಗಳನ್ನು ಮಣಿಯ ಮೇಲೆ ನೆನೆಯುತ್ತಾರೆ: ಅರಹಂ, ಸಮ್ಮಾಸಂಬುದ್ಧೋ, ವಿಜ್ಜಾಚರಣಸಂಪನ್ನೋ, ಸುಗತೋ, ಲೋಕವಿದೂ, ಅನುತ್ತರೋ ಪುರಿಸದಮ್ಮಸಾರಥಿ, ಸತ್ಥಾ ದೇವಮನುಸ್ಸಾನಂ, ಬುದ್ಧೋ, ಭಗವಾ. ಮಣಿಗೊಂದು ಗುಣವಾದರೆ ಒಂಬತ್ತರ ಹನ್ನೆರಡು ಸುತ್ತಿಗೆ ಸರ ಮುಗಿಯುತ್ತದೆ. ಅರ್ಥ ಕಲಿತು ಮಾಡಿದರೆ ತುಂಬ ಚೆಂದದ ಅಭ್ಯಾಸ. ವಾರಕ್ಕೊಂದು ಪದದ ಅರ್ಥ ಕಲಿತರೆ ಎರಡು ತಿಂಗಳಲ್ಲಿ ಒಂಬತ್ತೂ ಕೈವಶ.

‘ಒಂದು ದಿನ ತಪ್ಪಿದರೆ ಮರುದಿನ ಎರಡು ಸರ ಮಾಡಬೇಕೆ?’ ಬೇಡ. ಬಾಕಿ ತೀರಿಸಲು ಇದು ಸಾಲವಲ್ಲ. ಜ್ವರ, ಪ್ರಯಾಣ, ಮದುವೆ ಮನೆಯ ದಿನಗಳಿಗೆಂದೇ ಒಂಬತ್ತು ಮಣಿಯ ಕಿರು ಕ್ರಮ ಇಟ್ಟುಕೊಳ್ಳಿ: ಮೂರು ಶರಣ, ಮೂರು ಉಸಿರು, ಮೂರು ಮೈತ್ರಿ. ಒಂದೂವರೆ ನಿಮಿಷ ಸಾಕು, ರೈಲಿನ ಸೀಟಿನಲ್ಲೂ ಆಗುತ್ತದೆ. ಮೂರು ತಿಂಗಳು ಒಂದು ಸರ ಬಿಡದೆ ನಡೆದ ಮೇಲಷ್ಟೇ ಎರಡನೆಯ ಸರದ ಯೋಚನೆ ಮಾಡಿ, ಅದನ್ನೂ ಪೂರ್ತಿ ಉಸಿರಿಗೆ ಕೊಡಿ.

‘ಅಜ್ಜಿಯ ಮಾಲೆ ಇದೆ, ದಾರ ಹಳೆಯದು, ಬಳಸಬಹುದೆ?’ ಧಾರಾಳವಾಗಿ. ಮೇರುಮಣಿಯ ಎರಡೂ ಪಕ್ಕದ ದಾರವನ್ನು ಮೊದಲು ನೋಡಿ, ಸವೆತ ಅಲ್ಲಿ ಬೇಗ ಕಾಣುತ್ತದೆ. ಎಳೆ ಎದ್ದಿದ್ದರೆ ಕಿತ್ತುಹೋಗುವವರೆಗೆ ಕಾಯದೆ ಬಿಚ್ಚಿಬಿಡಿ. ಅಗಲವಾದ ತಟ್ಟೆಯಲ್ಲಿ ಬಟ್ಟೆ ಹಾಸಿ ಅದರ ಮೇಲೆ ಬಿಚ್ಚಿದರೆ ಮಣಿ ಉರುಳುವುದಿಲ್ಲ. ಮರದ್ದಾಗಲಿ ಬೀಜದ್ದಾಗಲಿ ನೀರಲ್ಲಿ ನೆನೆಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಆರಿಸಿ. ಮಲೆನಾಡಿನವರಾದರೆ ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ, ಬೂಷ್ಟು ಹಿಡಿಯುತ್ತದೆ. ಹತ್ತಿ ಬಟ್ಟೆಯ ಚೀಲ, ಒಲೆಯ ಶಾಖ ದೂರದಿಂದ ತಾಗುವ ಗೂಡು ಒಳ್ಳೆಯದು. ಮತ್ತೆ ಪೋಣಿಸುವ ಮೊದಲು ಪ್ರತಿ ಮಣಿಯ ತೂತಿನ ಅಂಚನ್ನು ಉಗುರಿನಿಂದ ಮುಟ್ಟಿ ನೋಡಿ, ಚೂಪಿದ್ದರೆ ಉಪ್ಪುಕಾಗದ ಸುರುಳಿ ಮಾಡಿ ಒಳಗೆ ತಿರುಗಿಸಿ. ಎಣಿಸಿದಾಗ 106ಓ 107ಓ ಸಿಕ್ಕರೆ ಗಾಬರಿಯಾಗಬೇಡಿ, ಅಜ್ಜಿಯ ಕಾಲದಲ್ಲಿ ಎಲ್ಲೋ ಉರುಳಿಹೋಗಿರುತ್ತವೆ. ಕಡಿಮೆ ಬಿದ್ದಷ್ಟು ಅಂಟುವಾಳದ ಬೀಜ ಸೇರಿಸಿ; ಒಂದಾದರೆ 27ರ ಜಾಗಕ್ಕೆ, ಎರಡಾದರೆ 27ರ ಮತ್ತು 81ರ ಜಾಗಕ್ಕೆ ಬರುವಂತೆ ಪೋಣಿಸಿ. ಬೆರಳಿಗೆ ಗುರುತೂ ಆಗುತ್ತದೆ.